ಒಂದೇ ಆಲ್ಬಮ್, ಮೂರು ‘ರೀಮಾಸ್ಟರ್’: ಯಾವುದನ್ನ ಕೇಳೋದು?

(ಈ ವಾರದ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಇದೆ, ಓದೋಕೆ ಅನುಕೂಲವಾಗುವಷ್ಟು ಮಾತ್ರ ತಿದ್ದಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತು ಬೇಕಾಗುತ್ತೆ. ಓದ್ತಾ ಇರೋರು ಮೊದಲು ಓದಿ ಮುಗಿಸಿ, ಆಮೇಲೆ ಹಾಕ್ಕೊಂಡ್ರೂ ನಡೆಯುತ್ತೆ.

ಹೋದ ತಿಂಗಳು ಪಾವಗಡದಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ. “ಅಣ್ಣಾ, ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳಿ ಅಂತ ನೀವೇ ಹೇಳಿದ್ರಿ. ಹುಡುಕಿದ್ರೆ ಅದೇ ಆಲ್ಬಮ್ ಮೂರ್ನಾಲ್ಕು ಸಲ ಬರ್ತದೆ. ಒಂದಕ್ಕೆ ರೀಮಾಸ್ಟರ್ಡ್ ಅಂತ ಇದೆ, ಇನ್ನೊಂದಕ್ಕೆ ಲೆಗಸಿ ಎಡಿಷನ್ ಅಂತ, ಮತ್ತೊಂದಕ್ಕೆ ಮೋನೋ ಅಂತ. ನಂದು ಐನೂರು ರೂಪಾಯಿ ಇಯರ್‌ಫೋನು, ದಿನಕ್ಕೆ ಒಂದೂವರೆ ಜಿಬಿ ಡೇಟಾ. ಯಾವುದಕ್ಕೆ ಖರ್ಚು ಮಾಡ್ಲಿ?”

“ರೀಮಾಸ್ಟರ್ಡ್ ಅಂತ ಇರೋದನ್ನೇ ಕೇಳಪ್ಪ, ಹೊಸದು ಚೆನ್ನಾಗಿರುತ್ತೆ” ಅಂತ ಟೈಪ್ ಮಾಡಿದೆ. ಕಳಿಸೋ ಮುಂಚೆ ಅಳಿಸಿದೆ. ನಮ್ಮ ಮನೇಲಿ ಒಂದು ಪೆನ್‌ಡ್ರೈವ್ ಇದೆ, ಅದು ನೆನಪಾಯ್ತು. ಆ ಕಥೆಗೆ ಆಮೇಲೆ ಬರ್ತೀನಿ.

ಜಾಝ್ ನಮಗ್ಯಾಕೆ ಅಂತ ಕೇಳೋರಿಗೆ ಒಂದು ಮಾತು. ರೀಮಾಸ್ಟರ್ ಅನ್ನೋದನ್ನ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಐದಾರು ಜನ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು, ಎಡಿಟಿಂಗ್ ಕಮ್ಮಿ, ಅದೇ ಟೇಪನ್ನ ಅರವತ್ತು ವರ್ಷದಲ್ಲಿ ಹತ್ತಾರು ಸಲ ಮತ್ತೆ ಮತ್ತೆ ಹೊರಗೆ ತಂದಿದ್ದಾರೆ. ಯಾವ ಟೇಪಿನಿಂದ, ಯಾರು, ಯಾವ ವರ್ಷ ಅನ್ನೋದೂ ಬಹುಮಟ್ಟಿಗೆ ದಾಖಲಾಗಿದೆ. ನಮ್ಮ ಹಳೇ ಸಿನಿಮಾ ಹಾಡಿನ ಕೆಳಗೆ ‘ರೀಮಾಸ್ಟರ್ಡ್’ ಅಂತ ಇರುತ್ತೆ, ಆದ್ರೆ ಯಾರು ಮಾಡಿದ್ರು, ಮೂಲ ಟೇಪಿನಿಂದ ಮಾಡಿದ್ರಾ ಇಲ್ಲ ಹಳೇ ಕ್ಯಾಸೆಟ್ಟಿನಿಂದ ಎತ್ತಿದ್ರಾ ಅಂತ ಒಂದು ಸಾಲೂ ಸಿಗೋದು ಅಪರೂಪ.

ಜೆರಾಕ್ಸ್ ಅಂಗಡಿಯ ಲೆಕ್ಕ

ಮಾಸ್ಟರ್ ಅಂದ್ರೆ ಏನು? ಸ್ಟುಡಿಯೋದಲ್ಲಿ ನುಡಿಸಿದ್ದೆಲ್ಲ ಟೇಪಿಗೆ ಬೀಳುತ್ತೆ. ಟ್ರಂಪೆಟ್ ಎಷ್ಟು ಕೇಳಬೇಕು, ಡ್ರಮ್ ಎಷ್ಟು ಕೇಳಬೇಕು ಅಂತ ಹದ ಮಾಡಿ, ಎಡಗಿವಿ ಬಲಗಿವಿಗೆ ಹಂಚಿ, ಕೊನೆಗೆ ಒಂದು ಟೇಪ್ ತಯಾರು ಮಾಡ್ತಾರೆ. ಅದೇ ಮಾಸ್ಟರ್ ಟೇಪ್. ಅದನ್ನ ಪ್ಲೇಟಿಗೆ, ಸಿಡಿಗೆ, ಈಗ ಫೋನಿಗೆ ಹೊಂದಿಸೋ ಕೆಲಸ ಮಾಸ್ಟರಿಂಗ್. ಪ್ಲೇಟಿನ ಕಾಲದಲ್ಲಿ ಬೇಸ್ ಜಾಸ್ತಿ ಕೊಟ್ರೆ ಗೀರು ಅಗಲವಾಗಿ ಸೂಜಿ ಎಗರೋದು. ಅದಕ್ಕೇ ಟೇಪಲ್ಲಿ ಇದ್ದ ಬೇಸನ್ನ ಪ್ಲೇಟಿಗೆ ಹಾಕುವಾಗ ಕಮ್ಮಿ ಮಾಡೋರು. ಅದೇ ಟೇಪನ್ನ ಇವತ್ತು ತೆಗೆದು ಮತ್ತೆ ಹೊಂದಿಸಿದ್ರೆ ಅದು ರೀಮಾಸ್ಟರ್. ವಾದ್ಯಗಳ ಹದವನ್ನೇ ಮೊದಲಿಂದ ಮತ್ತೆ ಮಾಡಿದ್ರೆ ಅದು ರೀಮಿಕ್ಸ್, ಅದು ಬೇರೆ ಕೆಲಸ. ಹಿಂದಿ ಹಾಡಿಗೆ ಹೊಸ ಡ್ರಮ್ ಸೇರಿಸಿ ‘ಝಂಕಾರ್ ಬೀಟ್ಸ್’ ಅಂತ ಮಾರಿದ್ರಲ್ಲ, ಅದು ಎರಡೂ ಅಲ್ಲ. ಅದಕ್ಕೆ ನಾನು ಹೆಸರಿಡಲ್ಲ.

ತೊಂದರೆ ಏನಂದ್ರೆ, ಮೂಲ ಟೇಪನ್ನ ಹುಡುಕಿ ತೆಗೆದು ತಿಂಗಳುಗಟ್ಟಲೆ ಕೂತು ಮಾಡಿದ್ದಕ್ಕೂ ರೀಮಾಸ್ಟರ್ ಅಂತಾರೆ, ಹಳೇ ಸಿಡಿಯನ್ನ ಲ್ಯಾಪ್‌ಟಾಪಿಗೆ ಹಾಕಿ ಸೌಂಡ್ ಏರಿಸಿದ್ದಕ್ಕೂ ರೀಮಾಸ್ಟರ್ ಅಂತಾರೆ.

ನಮ್ಮ ಮಧುಗಿರಿ ತಾಲ್ಲೂಕು ಕಚೇರಿ ಕಡೆ ಹೋದ್ರೆ ಜೆರಾಕ್ಸ್ ಅಂಗಡಿಗಳಿವೆಯಲ್ಲ, ಅಲ್ಲಿ ಹೋಗಿ ನಿಂತು ನೋಡಿ. ಯಾರೋ ಹಳೇ ಕ್ರಯಪತ್ರದ ಜೆರಾಕ್ಸಿನ ಜೆರಾಕ್ಸ್ ತಂದಿರ್ತಾರೆ. ಸರ್ವೆ ನಂಬರಲ್ಲಿ ಇರೋದು ಮೂರೋ ಎಂಟೋ ಗೊತ್ತಾಗಲ್ಲ. ಅಂಗಡಿ ಹುಡುಗ “ಡಾರ್ಕ್ ಮಾಡಿ ಕೊಡ್ತೀನಿ ಸಾರ್” ಅಂತಾನೆ. ಡಾರ್ಕ್ ಆಗುತ್ತೆ ನಿಜ. ಆದ್ರೆ ಮೂರೋ ಎಂಟೋ ಅನ್ನೋದು ಡಾರ್ಕ್ ಮಾಡಿದ್ರಿಂದ ತಿಳಿಯಲ್ಲ, ಮೂಲ ಪತ್ರ ತೆಗೆದು ನೋಡಬೇಕು. ಟೇಪೂ ಹಾಗೇ. ಪ್ರತಿ ನಕಲಿಗೂ ‘ಸ್ಸ್’ ಅನ್ನೋ ಸದ್ದು ಸೇರ್ತಾ ಹೋಗುತ್ತೆ, ಮೇಲಿನ ಚೂಪು ಸ್ವರಗಳು ಸವೀತಾ ಹೋಗ್ತವೆ.

ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಇದಕ್ಕೆ ಒಳ್ಳೆ ಉದಾಹರಣೆ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯಲ್ಲಿ ರೂಡಿ ವಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಮೂಲ ಮಾಸ್ಟರ್ ಟೇಪ್ ಕಳೆದುಹೋಯ್ತು. ಬಹಳ ಕಾಲ ನಕಲಿನ ನಕಲಿಂದಲೇ ಪ್ಲೇಟು, ಸಿಡಿ ಬಂದ್ವು. ಕೊನೆಗೆ 2002ರ ಆವೃತ್ತಿಗೆ ಕೈಗೆ ಬಂದಿದ್ದು, 1965ರಲ್ಲಿ ಇಂಗ್ಲೆಂಡಿನ ಇಎಂಐ ಕಂಪನಿಗೆ ಅಂತ ಮಾಡಿ ಕಳಿಸಿದ್ದ ಒಂದು ನಕಲು ಟೇಪು. ಬೇರೆ ದೇಶದಲ್ಲಿ ಸುಮ್ಮನೆ ಇದ್ದ ನಕಲೇ ಮಿಕ್ಕವಕ್ಕಿಂತ ಮೂಲಕ್ಕೆ ಹತ್ತಿರವಾಗಿತ್ತು. ಈ ವಿಷಯ ನೆನಪಿಟ್ಟುಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಇನ್ನು ಆ ವಾನ್ ಗೆಲ್ಡರ್. ಅವರು ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡ್ತಿದ್ದರು, ಬಿಡುವಾದಾಗ ಅಪ್ಪ ಅಮ್ಮನ ಮನೆಯ ಹಜಾರದಲ್ಲಿ ಮೈಕ್ ಇಟ್ಟು ಜಾಝ್ ರೆಕಾರ್ಡ್ ಮಾಡ್ತಿದ್ದರು. 1959ರವರೆಗೂ ಹಾಗೇ. ಬ್ಲೂ ನೋಟ್ ಕಂಪನಿಯ ಎಷ್ಟೋ ಪ್ರಸಿದ್ಧ ಪ್ಲೇಟುಗಳು ಆ ಹಜಾರದಲ್ಲೇ ಹುಟ್ಟಿದ್ದು. ಮುಂದೆ ಅವರೇ ತಮ್ಮ ರೆಕಾರ್ಡಿಂಗುಗಳನ್ನ ‘ಆರ್‌ವಿಜಿ ಎಡಿಷನ್’ ಅಂತ ರೀಮಾಸ್ಟರ್ ಮಾಡಿದರು. ರೆಕಾರ್ಡ್ ಮಾಡಿದವರೇ ಮಾಡಿದ್ದು ಅಂದ್ಮೇಲೆ ಎಲ್ಲರೂ ಒಪ್ಪಬೇಕಿತ್ತಲ್ಲ? ಒಪ್ಪಲಿಲ್ಲ. ಸದ್ದು ಜೋರಾಯ್ತು, ಎಡ-ಬಲದ ಹರಡು ಕಮ್ಮಿಯಾಯ್ತು ಅಂತ ಇವತ್ತಿಗೂ ಜಗಳ ಇದೆ.

ಮೂವತ್ಮೂರು ವರ್ಷ ಶ್ರುತಿ ತಪ್ಪಿದ್ದ ಪ್ಲೇಟು

ಪಾವಗಡದ ಹುಡುಗ ಕೇಳಿದ ಆಲ್ಬಮ್ಮಿಗೇ ಬರೋಣ. ‘ಕೈಂಡ್ ಆಫ್ ಬ್ಲೂ’ ರೆಕಾರ್ಡ್ ಆಗಿದ್ದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಮಾರ್ಚ್ 2ರಂದು ಟೇಪ್ ಯಂತ್ರ ಒಂಚೂರು ನಿಧಾನವಾಗಿ ಓಡ್ತಿತ್ತು. ನಿಧಾನವಾಗಿ ಓಡಿದ ಟೇಪನ್ನ ಸರಿಯಾದ ವೇಗದ ಯಂತ್ರದಲ್ಲಿ ಹಾಕಿದ್ರೆ ಏನಾಗುತ್ತೆ? ಹಾಡು ವೇಗವಾಗುತ್ತೆ, ಶ್ರುತಿ ಏರುತ್ತೆ. ಏರಿದ್ದು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ರೆ ಪ್ಲೇಟ್ ಹಾಕ್ಕೊಂಡು ಜೊತೆಗೆ ನುಡಿಸಿ ಕಲಿಯೋಕೆ ಹೋದವರಿಗೆ ಮೊದಲ ಬದಿಯ ಮೂರು ಹಾಡಿಗೂ ತಮ್ಮ ವಾದ್ಯಕ್ಕೂ ಕೂಡಿ ಬರ್ತಿರಲಿಲ್ಲ. ಭಜನೆ ಮನೇಲಿ ಹಾರ್ಮೋನಿಯಂ ಪಕ್ಕ ಕೂತು ಬೆಳೆದವರಿಗೆ ಈ ಹಿಂಸೆ ಬಿಡಿಸಿ ಹೇಳಬೇಕಾಗಿಲ್ಲ.

ಅದೃಷ್ಟಕ್ಕೆ ಅವತ್ತು ಪಕ್ಕದಲ್ಲೇ ಇನ್ನೊಂದು ಯಂತ್ರ ಮುಂಜಾಗ್ರತೆಗೆ ಅಂತ ಓಡ್ತಿತ್ತು, ಅದರ ವೇಗ ಸರಿಯಿತ್ತು. 1992ರ ಮರುಬಿಡುಗಡೆಗೆ ಆ ಟೇಪನ್ನ ಬಳಸಿದರು. ಅಂದ್ರೆ ಮೂವತ್ಮೂರು ವರ್ಷ ಜನ ಕೇಳಿದ್ದು ತಪ್ಪು ಶ್ರುತಿ! ಇಲ್ಲಿ ಹಳೇ ಒರಿಜಿನಲ್ ಪ್ಲೇಟಿಗಿಂತ ಹೊಸದೇ ಸರಿ. ಆದ್ದರಿಂದ ‘ಹಳೇದೇ ಚಿನ್ನ’ ಅನ್ನೋ ಗುಂಪಿಗೆ ನನ್ನನ್ನ ಸೇರಿಸಬೇಡಿ.

ಅ, ಆ, ಇ ಪರೀಕ್ಷೆ

ಓದಿ ತಿಳ್ಕೊಂಡಿದ್ದು ಸಾಕು, ಕೇಳಿ ನೋಡೋಣ ಅಂತ ಒಂದು ಭಾನುವಾರ ನಾಲ್ಕು ಜನ ಸೇರಿದ್ವಿ. ಮಧುಗಿರಿ ಬೆಟ್ಟದ ಬುಡದಲ್ಲಿ ನನ್ನ ಗೆಳೆಯನ ಮನೆಯ ಮಹಡಿ ಕೋಣೆ. ಶಿರಾದಿಂದ ಒಬ್ಬ, ಕೊರಟಗೆರೆಯಿಂದ ಒಬ್ಬಳು. ಪಾವಗಡದ ಹುಡುಗ ತಾನೂ ಬರ್ತೀನಿ ಅಂತ ಬಸ್ ಹತ್ತಿ ಬಂದೇಬಿಟ್ಟ. ಅದೇ ಐನೂರು ರೂಪಾಯಿ ಇಯರ್‌ಫೋನು, ಒಂದೇ ಫೋನು, ಒಂದೇ ಹಾಡು: ‘ಸೋ ವಾಟ್’. ಮೂರು ಆವೃತ್ತಿಗೆ ಅ, ಆ, ಇ ಅಂತ ಹೆಸರಿಟ್ಟೆ. ಯಾವುದು ಯಾವುದು ಅಂತ ನನಗೆ ಮಾತ್ರ ಗೊತ್ತು.

ಮೊದಲ ಸುತ್ತಲ್ಲಿ ಮೂವರೂ ‘ಇ’ ಅಂದ್ರು. “ಕ್ಲಿಯರಾಗಿದೆ”, “ಪಂಚ್ ಇದೆ”, “ಪಕ್ಕದಲ್ಲೇ ನುಡಿಸಿದಂಗೈತೆ”. ಮೂರರಲ್ಲಿ ಜೋರಾಗಿದ್ದಿದ್ದು ‘ಇ’.

ಎರಡನೇ ಸುತ್ತಿಗೆ ಮೂರರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದೆ. ದೊಡ್ಡ ವಿದ್ಯೆ ಏನಲ್ಲ, ಫೋನಿಗೆ ಪುಕ್ಕಟೆ ಸಿಗೋ ಸೌಂಡ್ ಮೀಟರ್ ಆ್ಯಪ್ ಹಾಕಿ, ಇಯರ್‌ಫೋನನ್ನ ಇನ್ನೊಂದು ಫೋನಿನ ಮೈಕಿಗೆ ಹಿಡಿದು ವಾಲ್ಯೂಮ್ ಸರಿಮಾಡಿದ್ದು. ಈಗ ‘ಇ’ಗೆ ಒಂದೇ ಓಟು. ಶಿರಾದವನು, ಪಾವಗಡದವನು ‘ಅ’ ಅಂದ್ರು. ಕೊರಟಗೆರೆಯವಳು ಮಾತ್ರ ‘ಇ’ ಬಿಡಲಿಲ್ಲ, ಅವಳ ಕಾರಣ ಆಮೇಲೆ ಹೇಳ್ತೀನಿ.

ಆಮೇಲೆ ಶಿರಾದವನು ಫೋನ್ ಕಿತ್ತುಕೊಂಡ. “ಗುರೂ, ಈಗ ನೀನು ಕೇಳು, ನಾವು ಹಾಕ್ತೀವಿ.” ಎರಡು ಸಲ ಹಾಕಿದ. ಎರಡನೇದರಲ್ಲಿ ಸಿಂಬಲ್ ಬಿಚ್ಚಿಕೊಂಡು ಕೇಳ್ತಾ ಇದೆ, ಬೇಸ್ ಸ್ವಲ್ಪ ಒಣಗಿದೆ ಅಂತ ಎರಡು ನಿಮಿಷ ಭಾಷಣ ಮಾಡಿದೆ. ಮೂವರೂ ಬಿದ್ದು ಬಿದ್ದು ನಕ್ಕರು. ಎರಡು ಸಲವೂ ಹಾಕಿದ್ದು ಒಂದೇ ಫೈಲು.

ಸಮಾಧಾನಕ್ಕೆ ಒಂದು ಮಾತು ಹೇಳ್ತೀನಿ. ಅಮೆರಿಕದಲ್ಲಿ ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ ಇದೆ. ಸಂಗ್ರಾಹಕರು ಅವರ ದುಬಾರಿ ಪ್ಲೇಟುಗಳನ್ನ ಪೂರ್ತಿ ಅನಲಾಗ್, ಅದಕ್ಕೇ ಈ ಸೊಗಸು ಅಂತ ನಂಬಿ ಕೊಳ್ಳೋರು. ಅದರಲ್ಲಿ ಎಷ್ಟೋ ಪ್ಲೇಟುಗಳ ಮಧ್ಯದಲ್ಲಿ ಒಂದು ಡಿಜಿಟಲ್ ಹಂತ ಇತ್ತು ಅಂತ 2022ರಲ್ಲಿ ಹೊರಗೆ ಬಂತು. ವರ್ಷಗಟ್ಟಲೆ ಕೇಳಿದವರ ಕಿವಿಗೆ ಅದು ಸಿಕ್ಕಿರಲಿಲ್ಲ. ನಂದು ಐನೂರು ರೂಪಾಯಿ ಇಯರ್‌ಫೋನು, ಬಿಟ್ಟಾಕಿ.

ಜೋರಾಗಿದ್ದಿದ್ದು ಯಾಕೆ ಚೆನ್ನಾಗಿ ಕೇಳುತ್ತೆ? ಕಡಿಮೆ ಸದ್ದಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಹಿಡಿಯಲ್ಲ, ಮೇಲಿನ ಚೂಪು ಸ್ವರವೂ ಮಂಕು. ಸದ್ದು ಏರಿದ ಹಾಗೆ ಎರಡೂ ತುಂಬಿಕೊಳ್ತವೆ. 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಇದನ್ನ ಅಳೆದು ತೋರಿಸಿದ್ದಾರೆ. ಹಾಡಲ್ಲಿ ಏನೂ ಬದಲಾಗಿರಲ್ಲ, ಆದ್ರೂ ಕಿವಿಗೆ ‘ಫುಲ್’ ಅನ್ನಿಸುತ್ತೆ. ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. 1990ರ ದಶಕದಿಂದ ಈಚೆಗೆ ಬಂದ ಬಹಳ ರೀಮಾಸ್ಟರುಗಳಲ್ಲಿ ನಡೆದ ಮುಖ್ಯ ಕೆಲಸವೇ ಇದು: ಸಣ್ಣ ಸದ್ದನ್ನ ಎತ್ತು, ದೊಡ್ಡ ಸದ್ದನ್ನ ಒತ್ತು, ಎಲ್ಲವನ್ನೂ ಸೇರಿಸಿ ಮೇಲಕ್ಕೆ ತಳ್ಳು. ಇದಕ್ಕೆ ಕಂಪ್ರೆಷನ್ ಅಂತಾರೆ. ಹಳ್ಳಿ ಜಾತ್ರೇಲಿ ಮೈಕ್ ಸೆಟ್‌ನವನು ಪೂಜಾರಪ್ಪನ ಮಂತ್ರವನ್ನೂ, ಹರಾಜು ಕೂಗೋದನ್ನೂ, ಮಗು ಕಳೆದಿದೆ ಅನ್ನೋ ಪ್ರಕಟಣೆಯನ್ನೂ ಒಂದೇ ಸದ್ದಲ್ಲಿ ಬಿಡ್ತಾನಲ್ಲ, ಹಾಗೆ.

‘ಸೋ ವಾಟ್’ ಹಾಡಲ್ಲಿ ಇದನ್ನ ನೀವೇ ಹಿಡಿಯಬಹುದು. ಶುರುವಿನಲ್ಲಿ ಬಿಲ್ ಇವಾನ್ಸ್ ಪಿಯಾನೋ, ಪಾಲ್ ಚೇಂಬರ್ಸ್ ಬೇಸ್, ಪಿಸುಮಾತಿನ ಹಾಗೆ. ಸುಮಾರು ಒಂದೂವರೆ ನಿಮಿಷದ ಹತ್ತಿರ ಮೈಲ್ಸ್ ಟ್ರಂಪೆಟ್ ಎತ್ತಿಕೊಳ್ತಾರೆ, ಅದೇ ಕ್ಷಣಕ್ಕೆ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಏಟು ಕೊಡ್ತಾರೆ. ಕಂಪ್ರೆಸ್ ಆಗದ ಆವೃತ್ತಿಯಲ್ಲಿ ಆ ಏಟು ಬೆಚ್ಚಿಬೀಳಿಸುತ್ತೆ, ಅದರ ಗುಂಯ್ ಅನ್ನೋ ನಾದ ಕೋಣೆ ತುಂಬಿ ನಿಧಾನವಾಗಿ ಇಳಿಯುತ್ತೆ. ಚೆನ್ನಾಗಿ ಒತ್ತಿದ ಆವೃತ್ತಿಯಲ್ಲಿ ಪಿಸುಮಾತೂ ಏಟೂ ಅಕ್ಕಪಕ್ಕದ ಮಟ್ಟ. ಅದೊಂದು ಹತ್ತು ಸೆಕೆಂಡ್ ಸಾಕು, ಇಡೀ ಆಲ್ಬಮ್ ಕೇಳಬೇಕಾಗಿಲ್ಲ.

ಈಗ ಕೊರಟಗೆರೆಯವಳ ಕಾರಣ. ಅವಳು ದಿನಾ ಕೊರಟಗೆರೆಯಿಂದ ತುಮಕೂರಿಗೆ ಕೆಲಸಕ್ಕೆ ಹೋಗಿಬರ್ತಾಳೆ. “ನಾನು ಹಾಡು ಕೇಳೋದು ಬಸ್ಸಲ್ಲಿ ಕಣೋ. ನಿನ್ನ ಪಿಸುಮಾತು ಇಂಜಿನ್ ಸದ್ದಲ್ಲಿ ನನಗೆ ಕೇಳೋದೇ ಇಲ್ಲ. ‘ಇ’ ಆದ್ರೆ ಕೇಳುತ್ತೆ.” ಸರಿಯಾದ ಮಾತು. ಬಸ್ಸಿಗೆ ಅವಳ ‘ಇ’ಯೇ ಸರಿ, ಬೆಟ್ಟದ ಬುಡದ ಕೋಣೆಗೆ ‘ಅ’. ಯಾವುದು ಒಳ್ಳೇದು ಅನ್ನೋ ಮುಂಚೆ ಎಲ್ಲಿ ಕೂತು ಕೇಳ್ತೀರಿ ಅಂತ ಹೇಳಿ.

ತಂಬೂರಿಯನ್ನ ಫ್ಯಾನ್ ಅಂದುಕೊಳ್ಳೋ ಸಾಫ್ಟ್‌ವೇರ್

ಸದ್ದು ಏರಿಸಿದ್ದನ್ನ ವಾಲ್ಯೂಮ್ ಇಳಿಸಿ ಸಹಿಸಬಹುದು. ಸಹಿಸೋಕಾಗದ್ದು ಇನ್ನೊಂದಿದೆ: ‘ಕ್ಲೀನ್’ ಮಾಡೋದು, ನಾಯ್ಸ್ ತೆಗೆಯೋದು. ಇದಕ್ಕೆ ನಮ್ಮವರದೇ ಒಂದು ಜಾಝ್ ಆಲ್ಬಮ್ ಇಟ್ಟುಕೊಂಡು ಹೇಳ್ತೀನಿ.

ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಸಂಸ್ಥೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ, ಚಾರ್ಲ್ಸ್ ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ನುಡಿಸಿದವರು, ನಾದಸ್ವರವನ್ನೂ ಕಲಿತವರು. ಅವರೂ ಮಣಿಯವರ ತಂಡವೂ ಸೇರಿ 1983ರಲ್ಲಿ ಜರ್ಮನಿಯಲ್ಲಿ ಇಸಿಎಂ ಕಂಪನಿಗೆ ‘ಜ್ಯೋತಿ’ ಅನ್ನೋ ಆಲ್ಬಮ್ ಮಾಡಿದರು. ಆರ್.ಎ. ರಮಾಮಣಿ ಅವರ ಗಾಯನ, ಮಣಿಯವರ ಮೃದಂಗ, ಜೊತೆಗೆ ಘಟಂ, ಮೋರ್ಸಿಂಗ್, ಖಂಜೀರ, ಕೊನ್ನಕೋಲು. 2017ರ ನವೆಂಬರಿನಲ್ಲಿ ಇಸಿಎಂ ತನ್ನ ಆಲ್ಬಮ್ಮುಗಳನ್ನ ಸ್ಟ್ರೀಮಿಂಗಿಗೆ ಬಿಟ್ಟಿತು. ಈಗ ಹುಡುಕಿದ್ರೆ ಫೋನಲ್ಲಿ ಕೇಳಬಹುದು.

ಮೊದಲ ಟ್ರ್ಯಾಕ್ ಬರೀ ದನಿ, ರಮಾಮಣಿಯವರದು. ಕೇಳುವಾಗ ದನಿಯನ್ನ ಬಿಟ್ಟು ಅದರ ಸುತ್ತ ಏನಿದೆ ಅಂತ ಗಮನಿಸಿ. ಉಸಿರು ಎಳೆದುಕೊಳ್ಳೋದು, ಒಂದು ಸ್ವರ ನಿಂತ ಮೇಲೂ ಗಾಳಿಯಲ್ಲಿ ಉಳಿಯೋದು. ಮುಂದಿನ ಹಾಡುಗಳಲ್ಲಿ ಘಟದ ಹೊಟ್ಟೆಯಿಂದ ಬರೋ ಗುಮಕು, ಮೋರ್ಸಿಂಗಿನ ಕಂಪನ. ಇವೆಲ್ಲ ಸಣ್ಣ ಸದ್ದುಗಳು. ಇವನ್ನ ಒರೆಸಿಬಿಟ್ರೆ ಸ್ವರ, ತಾಳ ಎಲ್ಲ ಇರುತ್ತೆ, ಮನುಷ್ಯರು ಇರಲ್ಲ.

ಒರೆಸೋದು ಹೇಗೆ ನಡೆಯುತ್ತೆ ಅಂದ್ರೆ, ಸಾಫ್ಟ್‌ವೇರಿಗೆ ಹಾಡು ಶುರುವಾಗೋ ಮುಂಚಿನ ಖಾಲಿ ಜಾಗ ತೋರಿಸ್ತಾರೆ. ಇಲ್ಲಿ ಬರೀ ‘ಸ್ಸ್’ ಇದೆ ನೋಡು, ಇದು ನಾಯ್ಸು ಅಂತ. ಅದು ಆ ‘ಸ್ಸ್’ನ ಅಚ್ಚು ತೆಗೆದುಕೊಂಡು ಇಡೀ ಹಾಡಿನಿಂದ ಅಷ್ಟನ್ನ ಕಳೆಯುತ್ತೆ. ಸಮಸ್ಯೆ ಏನು ಗೊತ್ತಾ? ಟೇಪಿನ ‘ಸ್ಸ್’ಗೂ ಕೊಳಲಿನ ಉಸಿರಿಗೂ ಅದರ ಲೆಕ್ಕದಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಎರಡೂ ಎಲ್ಲಾ ಸ್ವರಗಳಲ್ಲಿ ಹರಡಿಕೊಂಡಿರೋ ಗಾಳಿ ಸದ್ದು. ಇನ್ನು ಒಂದೇ ಸಮನೆ ಬರೋದೆಲ್ಲ ಅದರ ಪಾಲಿಗೆ ಅನುಮಾನದ ವಸ್ತು. ಲಾಕ್‌ಡೌನಲ್ಲಿ ಆನ್‌ಲೈನ್ ಸಂಗೀತ ಕ್ಲಾಸ್ ತಗೊಂಡೋರಿಗೆ ಇದು ಗೊತ್ತಿರುತ್ತೆ. ಮೇಷ್ಟ್ರು ತಂಬೂರಿ ಹಾಕ್ಕೊಂಡು ಹಾಡ್ತಿದ್ರೆ ಈ ಕಡೆ ತಂಬೂರಿ ಮಾಯ! ಆ್ಯಪ್ ಅದನ್ನ ಫ್ಯಾನ್ ಸದ್ದು ಅಂದುಕೊಂಡು ತೆಗೆದುಹಾಕಿರುತ್ತೆ.

ಪೆನ್‌ಡ್ರೈವ್

ನಮ್ಮ ತಾತ ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಮೇಷ್ಟ್ರಾಗಿದ್ದರು. ಮನೇಲಿ ಒಂದು ಟೇಪ್‌ರೆಕಾರ್ಡರ್ ಇತ್ತು. 1980ರ ದಶಕದಲ್ಲಿ ಒಂದು ರಾತ್ರಿ ಪಕ್ಕದ ಗೊಲ್ಲರಹಟ್ಟಿಗೆ ಅದನ್ನ ಹೊತ್ತುಕೊಂಡು ಹೋಗಿ, ಗಣೆ ಊದುತ್ತಾ ಜುಂಜಪ್ಪನ ಕಥೆ ಹಾಡೋದನ್ನ ರೆಕಾರ್ಡ್ ಮಾಡಿದ್ದರು. ಗಣೆ ಗೊತ್ತಿಲ್ಲದೋರಿಗೆ: ಕಾಡುಗೊಲ್ಲರ ಉದ್ದನೆ ಬಿದಿರಿನ ಕೊಳಲು. ಜುಂಜಪ್ಪ ಅವರ ಸಾಂಸ್ಕೃತಿಕ ವೀರ, ದೈವ. ಗಣೆಯ ನಾದ ಸಿನಿಮಾ ಹಾಡಿನ ಕೊಳಲಿನ ಹಾಗೆ ನಯವಾಗಿರಲ್ಲ. ಅರ್ಧ ಸ್ವರ, ಅರ್ಧ ಗಾಳಿ. ಆ ಗಾಳಿಯೇ ಅದರ ಜೀವ.

ಅರವತ್ತು ನಿಮಿಷದ ಕ್ಯಾಸೆಟ್ಟು. ತಾತ ಮೈಕಿನ ಹಿಂದೆ ಕೂತಿದ್ದರು. ನಡುನಡುವೆ ಮೆಲ್ಲಗೆ “ಆಮೇಲೆ?” ಅಂತ ಕೇಳೋರು. ಹಾಡೋರು ಉಸಿರು ತಗೊಂಡು ಮುಂದುವರಿಸೋರು. ತಾತನ ದನಿ ಇರೋದು ಅದೊಂದರಲ್ಲೇ. ನನಗೆ ಇದು ಆಗ ಗೊತ್ತಿರಲಿಲ್ಲ.

ತಾತ ಹೋದ ಮೇಲೆ, ನಾನು ಕಾಲೇಜಲ್ಲಿದ್ದಾಗ, ಕ್ಯಾಸೆಟ್ಟನ್ನ ಒಂದು ಅಂಗಡಿಗೆ ಕೊಟ್ವಿ. “ನಾಯ್ಸ್ ಎಲ್ಲಾ ತೆಗೆದು ಹೊಸದರ ಥರ ಮಾಡಿಕೊಡ್ತೀವಿ” ಅಂದ್ರು. ಪೆನ್‌ಡ್ರೈವಲ್ಲಿ ಬಂತು. ನಿಜವಾಗ್ಲೂ ಹೊಸದರ ಥರ ಇತ್ತು. ಜೋರು, ಚೊಕ್ಕ, ‘ಸ್ಸ್’ ಇಲ್ಲ. ಮನೆಯವರೆಲ್ಲ ಖುಷಿಪಟ್ವಿ. ಮನೆಗೆ ಬಣ್ಣ ಹೊಡೆಸುವಾಗ ಕೆಟ್ಟಿದ್ದ ಟೇಪ್‌ರೆಕಾರ್ಡರ್ ಜೊತೆ ಕ್ಯಾಸೆಟ್ಟೂ ಗುಜರಿಗೆ ಹೋಯ್ತು. ಕೊಟ್ಟಿದ್ದು ನಾನೇ.

ಅಜ್ಜಿ ಕೇಳೋಕೆ ಕೂತಿದ್ದು ಆಮೇಲೆ. ಸ್ವಲ್ಪ ಹೊತ್ತು ಕೇಳಿ, “ನಿಮ್ಮ ತಾತ ಎಲ್ಲಿ?” ಅಂದ್ರು.

“ಇದರಲ್ಲಿ ತಾತ ಇಲ್ಲ ಅಜ್ಜೀ. ಗಣೆ ಹಾಡು ಇದು.”

“ಅದೆಂಗೆ ಇರಲ್ಲ? ಆಮೇಲೆ, ಆಮೇಲೆ ಅಂತಿದ್ರು. ನಾನೇ ಎಷ್ಟು ಸಲ ಕೇಳಿಲ್ಲ.”

ಫೈಲನ್ನ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿದೆ. ಹಾಡು ನಿಂತ ಕಡೆಯೆಲ್ಲ ಅಲೆಯ ಗೆರೆ ಚಪ್ಪಟೆ, ಶುದ್ಧ ಸೊನ್ನೆ. ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಮುಚ್ಚಿಬಿಡೋ ಒಂದು ಫಿಲ್ಟರ್ ಇದೆ, ಗೇಟ್ ಅಂತಾರೆ. ತಾತ ಮೆಲ್ಲಗೆ ಮಾತಾಡೋರು. ಗೇಟಿನ ಆಚೆಗೇ ಉಳಿದರು. ಗಣೆಯನ್ನೂ ಆಗ ಸರಿಯಾಗಿ ಕೇಳಿದೆ. ಗಾಳಿ ಹೋಗಿ ಮೊಬೈಲ್ ರಿಂಗ್‌ಟೋನ್ ಥರ ಆಗಿತ್ತು. ಸ್ವರದ ಅಂಚಲ್ಲಿ ನೀರೊಳಗಿಂದ ಬಂದ ಹಾಗೆ ಚಿಲಿಪಿಲಿ. ‘ಸ್ಸ್’ ಕಳೆಯುವಾಗ ಉಳಿಯೋ ಚೂರು ಅದು. ಯಾರಾದ್ರೂ ಕ್ಲೀನ್ ಮಾಡಿದ ಹಳೇ ರೆಕಾರ್ಡಿಂಗ್ ಕೊಟ್ರೆ ನಾನು ಈಗ ಮೊದಲು ಹುಡುಕೋದು ಆ ಚಿಲಿಪಿಲಿಯನ್ನೇ.

ಪಾವಗಡಕ್ಕೆ ಉತ್ತರ

ಬೆಟ್ಟದ ಬುಡದ ಪರೀಕ್ಷೆ ಮುಗಿಸಿ ಹುಡುಗನನ್ನ ಬಸ್ ಹತ್ತಿಸುವಾಗ ಹೇಳಿದ್ದು ಇಷ್ಟು. ‘ಕೈಂಡ್ ಆಫ್ ಬ್ಲೂ’ ಆದ್ರೆ 1992ರ ನಂತರದ, ವೇಗ ಸರಿಪಡಿಸಿದ ಆವೃತ್ತಿ ಯಾವುದಾದ್ರೂ ಸರಿ. ಅದರಲ್ಲಿ ಸಿಂಬಲ್ ಏಟು ನಿನ್ನನ್ನ ಬೆಚ್ಚಿಬೀಳಿಸೋದು ಯಾವುದೋ ಅದನ್ನ ಇಟ್ಟುಕೋ. ಹೋಲಿಸುವಾಗ ಆ್ಯಪ್ ಸೆಟ್ಟಿಂಗಲ್ಲಿ ವಾಲ್ಯೂಮ್ ನಾರ್ಮಲೈಸ್ ಅನ್ನೋದು ಆನ್ ಇರಲಿ, ಆಗ ಜೋರಿನ ಮೋಸ ಬಹುಪಾಲು ತಪ್ಪುತ್ತೆ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲಾ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಅನ್ನೋ ಒಂದು ಅಳತೆಯ ಹತ್ತಿರಕ್ಕೆ ತರುತ್ತೆ. ತಮಾಷೆ ಅಂದ್ರೆ, ಜೋರು ಮಾಡೋಕೆ ಅಂತ ಒತ್ತಿದ ಹಾಡನ್ನ ಆ್ಯಪ್ ಮತ್ತೆ ಇಳಿಸಿಬಿಡುತ್ತೆ. ಜೋರೂ ಉಳಿಯಲ್ಲ, ಒತ್ತಿದ್ದು ಮಾತ್ರ ಉಳಿಯುತ್ತೆ. ಬ್ಲೂಟೂತ್ ಬಿಟ್ಟು ವೈರಿನ ಇಯರ್‌ಫೋನ್ ಹಾಕಿ ಹೋಲಿಸು, ಬ್ಲೂಟೂತ್ ಹಾಡನ್ನ ಇನ್ನೊಂದು ಸಲ ಹಿಂಡಿ ಕಳಿಸುತ್ತೆ.

ಡೇಟಾ ಲೆಕ್ಕ: 320 ಕೆಬಿಪಿಎಸ್ ಅಂದ್ರೆ ನಿಮಿಷಕ್ಕೆ 2.4 ಎಂಬಿ, 45 ನಿಮಿಷದ ಆಲ್ಬಮ್ಮಿಗೆ ಸುಮಾರು 108 ಎಂಬಿ. 96ರಲ್ಲಿ ಕೇಳಿದ್ರೆ 32 ಎಂಬಿ, ಆದ್ರೆ ಸಿಂಬಲ್ ಮರಳು ಜರಡಿ ಹಿಡಿದಂಗೆ ಕೇಳುತ್ತೆ. ದಿನಕ್ಕೆ ಒಂದೂವರೆ ಜಿಬಿ ಇದ್ರೆ 108 ಧಾರಾಳ. ಲಾಸ್‌ಲೆಸ್‌ಗೆ ದುಡ್ಡು ಕೊಡೋದು ಬೇಡ. ನನ್ನ ಭಾಷಣದ ಕಥೆ ನೋಡಿದೆಯಲ್ಲ.

ಆಮೇಲೆ ತಾತನ ಕ್ಯಾಸೆಟ್ಟು. ಅದು ಗುಜರಿಗೆ ಹೋಗಿದ್ದು ಹೋಯ್ತು. ‘ಎ ಲವ್ ಸುಪ್ರೀಮ್’ನ ಇಂಗ್ಲೆಂಡ್ ಟೇಪಿನ ಬಗ್ಗೆ ಓದಿದ ದಿನ ತಲೆಗೆ ಒಂದು ಹುಳ ಹೊಕ್ಕಿತು: ತಾತ ಹಾಡಿದವರ ಮನೆಗೆ ಒಂದು ನಕಲು ಕೊಟ್ಟಿರಬಹುದಾ? ಅಜ್ಜಿಯನ್ನ ಕೇಳಿದ್ರೆ, “ಕೊಟ್ಟಿರಲೇಬೇಕು. ಬರಿಗೈಲಿ ಬರೋ ಮನುಷ್ಯರಲ್ಲ ಅವರು” ಅಂದ್ರು. ಹೋದ ದೀಪಾವಳಿಗೆ ಶಿರಾ ಗೆಳೆಯನ ಜೊತೆ ಆ ಹಟ್ಟಿಗೆ ಹೋದೆ. ಹಾಡಿದವರು ಈಗಿಲ್ಲ. ಅವರ ಸೊಸೆ ಒಂದು ಬಿಸ್ಕೆಟ್ ಡಬ್ಬದಿಂದ ಕ್ಯಾಸೆಟ್ ತೆಗೆದುಕೊಟ್ಟರು. ಮೇಲೆ ತಾತನ ಅಕ್ಷರ.

ನಕಲಿನ ಟೇಪು, ಅದರಲ್ಲೂ ಡಬ್ಬದಲ್ಲಿ ಇಷ್ಟು ವರ್ಷ. ಮಧುಗಿರಿಗೆ ತಂದು, ಗೆಳೆಯನೊಬ್ಬನ ಹಳೇ ಡೆಕ್ ಕೇಳಿ ಪಡೆದು, ಹೆಡ್ಡನ್ನ ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಪೂರ್ತಿ ಮುಂದಕ್ಕೆ ಓಡಿಸಿ ಹಿಂದಕ್ಕೆ ಸುತ್ತಿ ಸಡಿಲ ಮಾಡಿ, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸ್ತಾ ಗಣೆ ಎಲ್ಲಿ ಹೆಚ್ಚು ಬಿಚ್ಚಿಕೊಳ್ಳುತ್ತೆ ಅಂತ ನೋಡಿ ನಿಲ್ಲಿಸಿದೆ. ಯಾವ ಫಿಲ್ಟರೂ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲು, ಒಂದು ಗಂಟೆಗೆ ಸುಮಾರು ಒಂದು ಜಿಬಿ. ಒಂದು ನಕಲು ನಮ್ಮ ಮನೇಲಿ, ಒಂದು ಶಿರಾ ಗೆಳೆಯನ ಹಾರ್ಡ್‌ಡಿಸ್ಕಲ್ಲಿ, ಒಂದು ಕ್ಯಾಸೆಟ್ಟಿನ ಸಮೇತ ಹಟ್ಟಿಗೆ ವಾಪಸ್. ಹಾಡು ಅವರದು. ಅದಕ್ಕೇ ಇವತ್ತಿನ ಸಂಚಿಕೆಯಲ್ಲಿ ಅದನ್ನ ಹಾಕಿಲ್ಲ.

‘ಸ್ಸ್’ ಭಯಂಕರವಾಗಿದೆ. ಮಳೆ ಬರ್ತಾ ಇದೆಯೇನೋ ಅನ್ನಿಸುತ್ತೆ. ಅದರೊಳಗೆ ಗಣೆ, ಎಲ್ಲೋ ಒಂದು ನಾಯಿ, ಕುರಿಗಳ ಗಂಟೆ. ಏಳನೇ ನಿಮಿಷದ ಹತ್ತಿರ ಹಾಡು ನಿಂತು, ಉಸಿರು, ಆಮೇಲೆ ತಾತ.

ಅಜ್ಜಿ ಕಿವಿಗೆ ಇಯರ್‌ಫೋನ್ ಹಾಕಿ ಆ ಜಾಗಕ್ಕೆ ಇಟ್ಟೆ. ಕಣ್ಣು ಮುಚ್ಚಿಕೊಂಡು ಕೇಳಿದರು. ತೆಗೆದು ಇನ್ನೊಂದು ಸಲ ಹಾಕು ಅಂದ್ರು. ಹಾಕಿದೆ.

“ಇನ್ನೊಂಚೂರು ಜೋರು ಮಾಡಪ್ಪ” ಅಂದ್ರು.